ಸುಣ್ಣದ ದಿನದ ಮನೆ

ಯಾದವಗಿರಿಯ ಆ ಬೀದಿಯಲ್ಲಿ ಬೆಳಗಿನ ಹೊತ್ತು ವಾಕಿಂಗ್ ಹೋಗುವವರಿಗೆ ಚೂಡಾಮಣಿಯವರ ಮುಖ ಗುರುತಿತ್ತೋ ಇಲ್ಲವೋ, ಅವರ ಹೆಗಲ ಮೇಲಿನ ಒರೆಸುವ ಬಟ್ಟೆಯಂತೂ ಗುರುತಿತ್ತು. ಗಂಡನ ಹಳೆಯ ಪಂಚೆಯನ್ನು ಹರಿದು ಅಂಚು ಹೊಲಿದ ತುಂಡು ಅದು. ಹಾಲು ತೆಗೆದುಕೊಳ್ಳಲು ಗೇಟಿಗೆ ಬಂದರೂ ಹೆಗಲ ಮೇಲೆ ಅದಿರುತ್ತಿತ್ತು, ತರಕಾರಿ ಗಾಡಿಯವನ ಹತ್ತಿರ ಚೌಕಾಸಿ ಮಾಡುವಾಗಲೂ ಇರುತ್ತಿತ್ತು. ಒಮ್ಮೆ ಯಾರದೋ ಆರತಕ್ಷತೆಗೆ ರೇಷ್ಮೆ ಸೀರೆ ಉಟ್ಟು ಹೊರಟವರು ಆಟೋ ಹತ್ತಿದ ಮೇಲೆ ಹೆಗಲು ಮುಟ್ಟಿ ನೋಡಿಕೊಂಡರೆ ಅಲ್ಲೂ ಅದೇ. ಮಡಿಸಿ ಪರ್ಸಿನೊಳಗೆ ತುರುಕಿಕೊಂಡು ಹಾಗೇ ಹೋಗಿ ಊಟ ಮಾಡಿ ಬಂದರು.

ತಪ್ಪು ಅವರದಲ್ಲ, ಆ ಮನೆಯ ಹಾಲ್‌ನದು. ಚೂಡಾಮಣಿಯವರ ಗಂಡ ಸುಂದರೇಶರ ತಾತ ಅರಮನೆಯ ಉಗ್ರಾಣದಲ್ಲಿ ಗುಮಾಸ್ತರಾಗಿದ್ದವರು. ಉಗ್ರಾಣದ ಕೆಲಸ ತಾತನ ಜೊತೆಗೇ ಮುಗಿದರೂ ಉಗ್ರಾಣದ ಗುಣ ಮನೆತನವನ್ನು ಬಿಡಲಿಲ್ಲ. ತಾತ ಮಾಡಿಸಿದ ತೇಗದ ಷೋಕೇಸು ಒಂದಿಡೀ ಗೋಡೆಯನ್ನು ನುಂಗಿ ನಿಂತಿತ್ತು. ಅದರ ಕೆಳಗಿನ ಅರೆಗಳಲ್ಲಿ ತಾತನ ಪಿಂಗಾಣಿ, ನಡುವೆ ಮಾವನವರು ಹೋದ ಹೋದ ಕ್ಷೇತ್ರದಿಂದ ತಂದ ಹಿತ್ತಾಳೆ ವಿಗ್ರಹ, ಮೇಲಿನ ಅರೆಗಳಲ್ಲಿ ಸುಂದರೇಶರ ಸ್ಮರಣಿಕೆಗಳು.

ಈ ಸ್ಮರಣಿಕೆಗಳದ್ದೇ ಒಂದು ಕಥೆ. ಸುಂದರೇಶ ಭೌತಶಾಸ್ತ್ರದ ಮೇಷ್ಟ್ರು. ಕಾಲೇಜಿನಿಂದ ನಿವೃತ್ತರಾಗಿದ್ದರು, ಭಾಷಣದಿಂದ ಆಗಿರಲಿಲ್ಲ. ಗ್ರಹಣ, ಗುಡುಗು, ಕಾಮನಬಿಲ್ಲು ಏನೇ ಇರಲಿ, ಚಿಕ್ಕ ಮಕ್ಕಳಿಗೂ ತಿಳಿಯುವಂತೆ ಹೇಳುತ್ತಿದ್ದರಾದ್ದರಿಂದ ಅವರನ್ನು ಕರೆಯದ ಸಂಘವಿರಲಿಲ್ಲ. ಕರೆದವರು ಸುಮ್ಮನೆ ಕಳಿಸುತ್ತಾರೆಯೇ? ಶಾಲು, ಪೇಟ, ಹಣ್ಣಿನ ಬುಟ್ಟಿ, ಸ್ಮರಣಿಕೆ. ಹಣ್ಣು ತಿಂದರೆ ಮುಗಿಯಿತು, ಶಾಲು ಚಳಿಗಾಯಿತು. ಸ್ಮರಣಿಕೆಯನ್ನು ತಿನ್ನಲೂ ಬಾರದು, ಹೊದೆಯಲೂ ಬಾರದು. ಗಾಜಿನ ಆನೆ, ಗಾಜಿನ ಕುದುರೆ, ಗುಂಡಿ ಒತ್ತಿದರೆ ಒಳಗೆ ದೀಪ ಹತ್ತುವ ಗಾಜಿನ ಅರಮನೆ. ಎಲ್ಲದರ ಬುಡದಲ್ಲೂ ಚಿನ್ನದ ಬಣ್ಣದಲ್ಲಿ ಸುಂದರೇಶರ ಹೆಸರು.

ಇವನ್ನೆಲ್ಲ ದಿನಾ ಇಳಿಸಿ, ಒರೆಸಿ, ಮತ್ತೆ ಇದ್ದ ಜಾಗದಲ್ಲೇ ಇಡುವುದು ಚೂಡಾಮಣಿಯವರ ಪಾಲಿನ ಕೆಲಸ. ಕೆಲಸದವಳಿಗೆ ವಹಿಸಿದರೆ ಒಡೆಯುತ್ತಾಳೆ, ಗಂಡನಿಗೆ ವಹಿಸಿದರೆ ಒರೆಸುವ ಬದಲು ಹೆಸರು ಓದುತ್ತಾ ನಿಲ್ಲುತ್ತಾರೆ. ಮದುವೆಯಾಗಿ ಬಂದ ವರ್ಷ ಹೆಗಲಿಗೇರಿದ ಬಟ್ಟೆ ಸೊಸೆ ಬಂದ ಮೇಲೂ ಇಳಿದಿರಲಿಲ್ಲ.

ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ ಗಾಜಿನ ಕುದುರೆಯ ಕಾಲುಗಳ ನಡುವೆ ಬಟ್ಟೆ ತೂರಿಸುತ್ತಿದ್ದ ಚೂಡಾಮಣಿ ಹಾಗೇ ಕೈ ನಿಲ್ಲಿಸಿದರು. ಈ ಕುದುರೆಯ ಕಾಲು ಒರೆಸಿದಷ್ಟು ಸಲ ಹೆತ್ತ ಮಗನ ಕಾಲನ್ನೂ ಒರೆಸಿಲ್ಲವಲ್ಲ ಎನ್ನಿಸಿತು. ಮೊದಲು ನಗು ಬಂತು, ಹಿಂದೆಯೇ ಸಿಟ್ಟು ಬಂತು.

"ರೀ, ಈ ಸಲ ದಸರಾ ಹೊತ್ತಿಗೆ ನನಗೆ ಈ ಹಾಲ್ ಖಾಲಿ ಬೇಕು" ಎಂದರು.

ಸುಂದರೇಶ ಪೇಪರಿನಿಂದ ತಲೆ ಎತ್ತಲಿಲ್ಲ. "ಯಾಕೆ, ಯಾರಾದ್ರೂ ಬರ್ತಿದಾರಾ?"

"ಯಾರೂ ಬರ್ತಿಲ್ಲ. ಖಾಲಿ ಬೇಕು, ಅಷ್ಟೇ."

"ಖಾಲಿ ಅಂದ್ರೆ?"

"ಖಾಲಿ ಅಂದ್ರೆ ಖಾಲಿ ಕಣ್ರೀ. ಫಿಸಿಕ್ಸ್ ಮೇಷ್ಟ್ರಿಗೆ ನಿರ್ವಾತ ಅಂದ್ರೇನು ಅಂತ ನಾನು ಹೇಳ್ಕೊಡ್ಬೇಕಾ?"

ಈಗ ಪೇಪರು ಕೆಳಗಿಳಿಯಿತು.

ಈ ಆಸೆ ಆ ಬೆಳಿಗ್ಗೆ ಹುಟ್ಟಿದ್ದಲ್ಲ. ಚೂಡಾಮಣಿ ಹುಟ್ಟಿ ಬೆಳೆದದ್ದು ಅಗ್ರಹಾರದ ಒಂದು ವಠಾರದಲ್ಲಿ. ಒಂದೂವರೆ ಕೋಣೆ, ಅದರ ತುಂಬ ಜನ, ಜನರಿಗಿಂತ ಹೆಚ್ಚು ಟ್ರಂಕು. ಮಲಗಿದರೆ ತಲೆಗೆ ಅಕ್ಕಿ ಡಬ್ಬ, ಕಾಲಿಗೆ ಅಣ್ಣನ ಸೈಕಲ್ಲು. ಆದರೆ ವರ್ಷಕ್ಕೊಂದು ದಿನ, ದಸರೆಗೆ ಮುಂಚೆ, ಮನೆಗೆ ಸುಣ್ಣ ಹೊಡೆಸುತ್ತಿದ್ದರು. ಆವತ್ತು ಇದ್ದಬದ್ದ ಸಾಮಾನೆಲ್ಲ ಹೊತ್ತು ಬೀದಿಗೆ ಹಾಕುತ್ತಿದ್ದರು. ಸುಣ್ಣ ಹೊಡೆದು, ನೆಲ ತೊಳೆದು, ಆರಲು ಬಿಟ್ಟ ಆ ಒಂದು ಮಧ್ಯಾಹ್ನ ಒಂದೂವರೆ ಕೋಣೆಯ ಮನೆ ಅರಮನೆಯಾಗುತ್ತಿತ್ತು. ಪುಟ್ಟ ಚೂಡಾಮಣಿ ಒಳಗೆ ನುಗ್ಗಿ "ಕೂ" ಎಂದರೆ ಗೋಡೆಯೂ "ಕೂ" ಎನ್ನುತ್ತಿತ್ತು; ಮದುವೆಯಾದ ಮೇಲೆ ಗಂಡನಿಗೂ ಇದನ್ನು ಹೇಳಿ ನಕ್ಕಿದ್ದಳು. ತಣ್ಣನೆಯ ನೆಲದ ಮೇಲೆ ಕೈಕಾಲು ಚಾಚಿ ಮಲಗಿದರೆ ಯಾವ ಬೆರಳಿಗೂ ಏನೂ ತಗಲುತ್ತಿರಲಿಲ್ಲ. ಸಂಜೆ ಸಾಮಾನು ಒಳಗೆ ಬರಲು ಶುರುವಾದಾಗ ಅವಳಿಗೆ ಅಳು ಬರುತ್ತಿತ್ತು. ಅಂಥ ಮನೆಯಿಂದ ಯಾದವಗಿರಿಯ ದೊಡ್ಡ ಮನೆಗೆ ಮದುವೆಯಾಗಿ ಬಂದಾಗ, ಇನ್ನು ದಿನಾ ಸುಣ್ಣದ ದಿನವೇ ಎಂದುಕೊಂಡಿದ್ದಳು. ಬಾಗಿಲಲ್ಲೇ ಎದುರಾದದ್ದು ಷೋಕೇಸು.

ಸೊಸೆ ಅನನ್ಯ ಇಂಟೀರಿಯರ್ ಡಿಸೈನರ್. ಶ್ರೀರಾಂಪುರದ ಕಡೆ ಹೊಸ ಬಡಾವಣೆಗಳಲ್ಲಿ ಏಳುತ್ತಿರುವ ಮನೆಗಳಿಗೆ ಯಾವ ಗೋಡೆಗೆ ಯಾವ ಬಣ್ಣ, ಎಲ್ಲಿ ದೀಪ, ಎಲ್ಲಿ ಕಪಾಟು ಎಂದು ಹೇಳುವುದು ಅವಳ ಉದ್ಯೋಗ. ಅತ್ತೆಯ ಬೇಡಿಕೆ ಕೇಳಿ ಅವಳಿಗೆ ಖುಷಿಯೋ ಖುಷಿ.

"ಅತ್ತೆ, ಇದಕ್ಕೆ ಮಿನಿಮಲಿಸ್ಟ್ ಅಂತಾರೆ. ಈಗ ಇದೇ ಫ್ಯಾಷನ್ನು!"

"ಏನಾದ್ರೂ ಅನ್ಲಿ ಕಣಮ್ಮ. ನಮ್ಮಮ್ಮ ಇದನ್ನ ಸುಣ್ಣದ ದಿನ ಅಂತಿದ್ರು."

ಅನನ್ಯ ಲ್ಯಾಪ್‌ಟಾಪಿನಲ್ಲಿ ಚಿತ್ರ ಮಾಡಿ ತೋರಿಸಿದಳು. ಬಿಳಿ ಗೋಡೆ, ಕಿಟಕಿಯ ಕೆಳಗೆ ಉದ್ದಕ್ಕೆ ಒಂದು ಕಲ್ಲಿನ ಜಗಲಿ, ಮೂಲೆಯಲ್ಲಿ ದೊಡ್ಡ ಹಿತ್ತಾಳೆ ಉರುಳಿ, ಅದರಲ್ಲಿ ನೀರು, ನೀರಿನ ಮೇಲೆ ಹೂವು. ಚೂಡಾಮಣಿ ಕನ್ನಡಕ ಸರಿಮಾಡಿಕೊಂಡು ನೋಡಿದರು.

"ಈ ಉರುಳಿ ಯಾಕೆ?"

"ಲುಕ್‌ಗೆ ಅತ್ತೆ. ಶ್ರೀರಾಂಪುರದಲ್ಲಿ ಎಲ್ಲರೂ ಇಡಿಸ್ಕೊತಾರೆ."

"ಆ ಲುಕ್ಕನ್ನ ದಿನಾ ಹುಣಸೆಹಣ್ಣು ಹಾಕಿ ತಿಕ್ಕೋರು ಯಾರು?"

ಉರುಳಿ ಹೋಯಿತು. ಅದರ ಹಿಂದೆಯೇ ಗೋಡೆಗೆ ನೇತುಹಾಕಬೇಕೆಂದಿದ್ದ ಚಿತ್ರ ಹೋಯಿತು, ಬಿದಿರಿನ ದೀಪ ಹೋಯಿತು, ಚಂದಕ್ಕೆಂದು ಇಟ್ಟಿದ್ದ ಗಿಡದ ಕುಂಡವೂ ಹೋಯಿತು. ಮಾಡಿದ ಕೆಲಸದಲ್ಲೆಲ್ಲ ಇಷ್ಟು ಕಟ್ಟುನಿಟ್ಟಿನ ಗಿರಾಕಿಯನ್ನು ತಾನು ಕಂಡಿಲ್ಲ ಎಂದು ಅನನ್ಯ ಗಂಡ ಅಭಿನವನ ಹತ್ತಿರ ಹೇಳಿಕೊಂಡು ನಕ್ಕಳು.

ಬೀದಿಯವರು ಮಾತ್ರ ನಗಲಿಲ್ಲ. ಊರ ಬಾಯಿಗೆ ಬೀಗ ಹಾಕುವವರು ಯಾರು? "ನೋಡಿದ್ರಾ, ಸೊಸೆ ಬಂದು ಅತ್ತೆ ಸಾಮಾನೆಲ್ಲ ಹೊರಗೆ ಹಾಕಿಸ್ತಿದಾಳೆ" ಎಂದು ಸುದ್ದಿಯಾಯಿತು. ಚೂಡಾಮಣಿ ಕಂಡಕಂಡವರಿಗೆಲ್ಲ "ಅವಳಲ್ಲಾರೀ, ನಾನೇ" ಎಂದು ಹೇಳಿ ಬಾಯಿ ನೋಯಿಸಿಕೊಂಡರು. ಕೇಳಿದವರು "ಪಾಪ, ಸೊಸೆನ ಬಿಟ್ಟುಕೊಡಲ್ಲ" ಎಂದು ಇನ್ನಷ್ಟು ಮರುಗಿದರು.

ಈಗ ಸಾಮಾನು ಸಾಗಿಸುವುದು ಹೇಗೆ? ಎಸೆಯಲು ಸುಂದರೇಶ ಬಿಡರು, ಗುಜರಿಗೆ ಹಾಕಲು ಚೂಡಾಮಣಿಯ ಮನಸ್ಸು ಒಪ್ಪದು. ತೆಗೆದುಕೊಳ್ಳಿ ಎಂದರೆ ನೆಂಟರು "ಅಯ್ಯೋ, ನಮ್ಮನೇಲಿ ಜಾಗ ಎಲ್ಲಿದೆ" ಎಂದು ಜಾರಿಕೊಳ್ಳುತ್ತಾರೆ. ಕೊನೆಗೆ ಹಾವೂ ಸಾಯದ, ಕೋಲೂ ಮುರಿಯದ ಉಪಾಯವೊಂದು ಚೂಡಾಮಣಿಯವರಿಗೆ ಹೊಳೆಯಿತು. ಶ್ರಾವಣ ಬಂತು. ಪ್ರತಿ ಶುಕ್ರವಾರ ಮುತ್ತೈದೆಯರನ್ನು ಅರಿಶಿನ ಕುಂಕುಮಕ್ಕೆ ಕರೆದರು. ಬಂದವರಿಗೆ ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ, ಜೊತೆಗೊಂದು ಪಿಂಗಾಣಿ ಹೂಜಿ. ತಾಂಬೂಲದ ಜೊತೆ ಕೊಟ್ಟದ್ದನ್ನು ಬೇಡವೆನ್ನಲು ಮೈಸೂರಿನಲ್ಲಿ ಯಾರಿಗೆ ಬಾಯಿ ಬರುತ್ತದೆ? ಹೂಜಿ ಹೋಯಿತು, ಹಿತ್ತಾಳೆ ನವಿಲು ಹೋಯಿತು, ಮಾವನವರ ಕಾಲದ ಗಂಟೆಗಳು ಒಂದೊಂದಾಗಿ ಹೋದವು. ಪಕ್ಕದ ಮನೆಯಾಕೆ ಕಂಚಿನ ನಂದಿಯನ್ನು ಸೆರಗಿನಲ್ಲಿ ಹೊತ್ತು ನಿಧಾನವಾಗಿ ಗೇಟು ದಾಟುವುದನ್ನು ಕಿಟಕಿಯಿಂದ ನೋಡಿ ಅತ್ತೆ ಸೊಸೆ ಇಬ್ಬರೂ ಬಾಯಿಗೆ ಸೆರಗು, ದುಪಟ್ಟಾ ಒತ್ತಿಕೊಂಡು ನಕ್ಕರು.

ಷೋಕೇಸಿಗೆ ಮಾತ್ರ ತಾಂಬೂಲ ಬೇಕಾಗಲಿಲ್ಲ. ಸಿದ್ಧಾರ್ಥನಗರದಲ್ಲಿದ್ದ ಸುಂದರೇಶರ ತಂಗಿ ನಾಗಮಣಿ ಓಡಿಬಂದು, "ತಾತನ ಷೋಕೇಸು ಅತ್ತಿಗೆ! ಪರರ ಪಾಲಾಗಕ್ಕೆ ನಾನು ಬಿಡಲ್ಲ" ಎಂದು ಕಣ್ಣೊರೆಸಿಕೊಳ್ಳುತ್ತಾ ಲಾರಿ ತಂದು ಹೇರಿಸಿಕೊಂಡು ಹೋದಳು. ಹೋಗುವಾಗ ಅನನ್ಯಳನ್ನು ಒಂದು ಥರಾ ನೋಡಿದಳು.

ಉಳಿದದ್ದು ಸ್ಮರಣಿಕೆಗಳು. ಅಲ್ಲಿಗೆ ಬಂದಾಗ ಆಟ ನಿಂತಿತು.

"ಅವನ್ನ ಮುಟ್ಟಬೇಡ" ಎಂದರು ಸುಂದರೇಶ. ಅವರ ದನಿ ಗಡುಸಾಗಿತ್ತು. "ಬೇರೆಯವು ತಾತಂದು, ಅಪ್ಪಂದು. ಇವು ನಂದು ಕಣೇ. ನಾಳೆ ಈ ಮನೆಗೆ ಬಂದೋರಿಗೆ ನಾನು ಯಾರು ಅಂತ ಹೆಂಗೆ ಗೊತ್ತಾಗ್ಬೇಕು?"

ಚೂಡಾಮಣಿಗೆ ಚುರ್ರೆಂದಿತು. ಗಂಡ ತಮಾಷೆಗೆ ಹೇಳಿದ್ದಲ್ಲ ಎಂದು ಅವರಿಗೆ ತಿಳಿಯಿತು. ಅವರು ನೆಲದ ಮೇಲೆ ಕೂತು ಒಂದು ಗಾಜಿನ ಆನೆಯನ್ನು ಎತ್ತಿ, ಊರಿನ ಹೆಸರು ಕಾಣದಂತೆ ಬುಡವನ್ನು ಅಂಗೈಯಿಂದ ಮುಚ್ಚಿ ಹಿಡಿದರು.

"ಇದು ಯಾವ ಊರಿಂದು ಹೇಳಿ ನೋಡೋಣ."

ಸುಂದರೇಶ ಹತ್ತಿರ ಬಂದು ನೋಡಿದರು. "ಮಂಡ್ಯ?"

"ನಂಜನಗೂಡು. ಭಾಷಣ ಮುಗಿಯೋಷ್ಟರಲ್ಲಿ ಊಟ ಖಾಲಿ ಆಗಿತ್ತು, ಹಸ್ಕೊಂಡು ಬಂದ್ರಿ, ಉಪ್ಪಿಟ್ಟು ಮಾಡ್ಕೊಟ್ಟೆ. ಈ ಕುದುರೆ?"

"ಅದು… ಕಾಲೇಜಿಂದಾ?"

"ಹುಣಸೂರು ಹೈಸ್ಕೂಲು. ಗ್ರಹಣದ ಬಗ್ಗೆ ಮಾತಾಡಿದ್ರಿ. ಒಬ್ಬಳು ಹುಡುಗಿ ಎದ್ದು ನಿಂತು, ರಾಹು ಇಲ್ಲ ಅಂದ್ರೆ ನಮ್ಮಜ್ಜಿಗೆ ಯಾರು ಹೇಳ್ತಾರೆ ಸಾರ್ ಅಂತ ಕೇಳಿದ್ಲು. ಮನೆಗೆ ಬಂದು ಹೇಳ್ಕೊಂಡು ಎಷ್ಟು ನಕ್ಕಿದ್ರಿ, ಮರೆತುಹೋಯ್ತಾ?" ಚೂಡಾಮಣಿ ಕುದುರೆಯನ್ನು ಕೆಳಗಿಟ್ಟರು. "ನೀವು ಇವನ್ನ ನೋಡಿದ್ದು ತಂದ ದಿನ ಒಂದು ಸಲ ಕಣ್ರೀ. ದಿನಾ ನೋಡಿದೋಳು ನಾನು. ನೀವು ಯಾರು ಅಂತ ಗೊತ್ತಾಗ್ಬೇಕಾದ್ರೆ ಬಂದೋರು ನನ್ನ ಕೇಳ್ಲಿ."

ಸುಂದರೇಶ ಮಾರನೆಯ ದಿನ ಎಲ್ಲವನ್ನೂ ತಾವೇ ಪೇಪರಿನಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಿ ಮಹಡಿಯ ಕೋಣೆಗೆ ಸಾಗಿಸಿದರು. ಹುಣಸೂರಿನ ಕುದುರೆಯೊಂದನ್ನು ಮಾತ್ರ ತಮ್ಮ ಓದುವ ಮೇಜಿನ ಮೇಲೆ ಇಟ್ಟುಕೊಂಡರು. ಆಮೇಲೆ ಬಹಳ ದಿನ ಮನೆಯಲ್ಲಿ ಅಗತ್ಯವಿದ್ದಷ್ಟೇ ಮಾತಾಡಿದರು.

ಗೌರಿ ಗಣೇಶ ಮುಗಿಯುತ್ತಲೇ ಪೇಂಟರ್ ಚಾಮಯ್ಯ ತನ್ನ ಏಣಿಯೊಂದಿಗೆ ಬಂದ. ಬಿಳಿ ಬಳಿದ ಮೇಲೆ ತಲೆ ಕೆರೆದುಕೊಂಡು, "ಅಮ್ಮಾ, ಈ ಗ್ವಾಡೆಗೆ ಒಂದು ಹೂವಿನ ಡಿಸೈನ್ ಆದ್ರೂ ಹೊಡ್ದುಬುಡ್ಲಾ? ಕಾಸು ಬ್ಯಾಡ, ನನ್ನ ಲೆಕ್ಕದಾಗೆ" ಎಂದ. ಅಷ್ಟು ದೊಡ್ಡ ಗೋಡೆಯನ್ನು ಸುಮ್ಮನೆ ಬಿಟ್ಟು ಹೋಗುವುದು ಅವನಿಗೆ ಊಟಕ್ಕೆ ಕೂತು ಅರ್ಧಕ್ಕೆ ಎದ್ದ ಹಾಗೆ ಆಗಿತ್ತು. "ಬೇಡಪ್ಪ, ಅಂಗೇ ಇರ್ಲಿ" ಎಂದು ಚೂಡಾಮಣಿ ಅವನ ಮಾತಿನಲ್ಲೇ ಹೇಳಿ ಕಳಿಸಿದರು.

ಕಾರ್ಪೆಟ್ಟು ಎತ್ತಿದಾಗ ಕೆಳಗೆ ಹಳೆಯ ಕೆಂಪು ನೆಲ ಸಿಕ್ಕಿತು. ಅನನ್ಯ ಅದನ್ನು ಉಜ್ಜಿಸಿ ಹೊಳಪು ಬರಿಸಿದಳು. ಕಿಟಕಿಯ ಕೆಳಗೆ ಕಲ್ಲಿನ ಜಗಲಿ ಬಂತು. ಮುಗಿಯಿತು. ಹಾಲ್‌ನಲ್ಲಿ ಇನ್ನೇನೂ ಇಲ್ಲ. ಆ ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಚೂಡಾಮಣಿ ಬಾಗಿಲು ಮುಂದೆ ಮಾಡಿ, ನೆಲದ ಮೇಲೆ ಕೈಕಾಲು ಚಾಚಿ ಮಲಗಿದರು. ಸಣ್ಣಗೆ "ಕೂ" ಎಂದರು. ಗೋಡೆಯೂ ಎಂದಿತು. ಹೆಗಲ ಮೇಲೆ ಏನೂ ಇರಲಿಲ್ಲ. ಅವರಿಗೆ ಎಷ್ಟು ಸಂತೋಷವಾಯಿತೆಂದರೆ ಎದ್ದು ಹೋಗಿ ತಮಗೊಬ್ಬರಿಗೇ ಒಂದು ಲೋಟ ಕಾಫಿ ಮಾಡಿಕೊಂಡು ಕುಡಿದರು.

ದಸರಾ ಬಂತು. ಗೊಂಬೆ ಕೂರಿಸದೆ ಇರಲು ಆಗುತ್ತದೆಯೇ? ತವರಿನಿಂದ ಬಂದ ಮರದ ಪಟ್ಟದ ಗೊಂಬೆಗಳನ್ನು, ರಾಜ ರಾಣಿ ಎರಡನ್ನೇ, ಹೊಸ ಬಟ್ಟೆ ಉಡಿಸಿ ಕಲ್ಲಿನ ಜಗಲಿಯ ಮೇಲೆ ಕೂರಿಸಿದರು. ಬಿಳಿ ಗೋಡೆಯ ಮುಂದೆ ಅವೆರಡೇ ಕೂತಿದ್ದರೆ ಕಣ್ಣು ಬೇರೆ ಕಡೆ ಹೋಗುತ್ತಿರಲಿಲ್ಲ. ಸಂಜೆ ಗೊಂಬೆ ನೋಡಲು ಜನ ಬರತೊಡಗಿದರು. ಚೂಡಾಮಣಿ ಎಲ್ಲ ಲೆಕ್ಕ ಹಾಕಿದ್ದರು, ಒಂದನ್ನು ಮರೆತಿದ್ದರು. ತಾಂಬೂಲ ಕೊಟ್ಟವರ ಮನೆಗೆ ಬರಿಗೈಲಿ ಹೋಗುವ ಪದ್ಧತಿ ಈ ಊರಿನಲ್ಲಿಲ್ಲ.

ಮೊದಲು ಬಂದವಳು ನಾಗಮಣಿ, ತಟ್ಟೆಯಷ್ಟಗಲದ ಗೋಡೆ ಗಡಿಯಾರದೊಂದಿಗೆ. ಗಂಟೆಗೊಮ್ಮೆ ಅದರೊಳಗಿಂದ ಒಂದು ಹಕ್ಕಿ ಕೂಗುತ್ತಿತ್ತು. "ಗೋಡೆ ಹಿಂಗೆ ಬೋಳಾಗಿರೋದನ್ನ ನೋಡಕ್ಕಾಗ್ಲಿಲ್ಲ ಅತ್ತಿಗೆ" ಎಂದು ಎಲೆ ಅಡಿಕೆ ಸಮೇತ ಕೈಗಿಟ್ಟಳು. ಪಕ್ಕದ ಮನೆಯಾಕೆ ನಂದಿಗೆ ಬದಲಾಗಿ ಗಣೇಶನನ್ನು ತಂದರು. "ನೀವು ಅಷ್ಟು ಕೊಟ್ಟಿರಿ, ನಾವು ಹಾಗೇ ಬರೋದಾ?" ಎಂದು ಬಂದವರೆಲ್ಲ ಒಂದೇ ಮಾತು. ಪಿಂಗಾಣಿ ಕೊಟ್ಟ ಕಡೆಯಿಂದ ಗಾಜು ಬಂತು, ಹಿತ್ತಾಳೆ ಕೊಟ್ಟ ಕಡೆಯಿಂದ ಫೈಬರಿನ ಬುದ್ಧ ಬಂದ, ಅದೂ ನಾಲ್ಕಾರು ಬುದ್ಧರು. ಸೊಸೆಯ ಕಾಟಕ್ಕೆ ಸಿಕ್ಕ ಹೆಂಗಸೆಂಬ ಕನಿಕರವೂ ಸೇರಿದ್ದರಿಂದ ಒಂದೊಂದೂ ದೊಡ್ಡದಾಗಿಯೇ ಇತ್ತು. ಬೇಡ ಎನ್ನೋಣವೆಂದರೆ ಎಲ್ಲದರ ಮೇಲೂ ವೀಳ್ಯದೆಲೆ.

ಸರಸ್ವತಿ ಪೂಜೆಯ ಹೊತ್ತಿಗೆ ರಾಜ ರಾಣಿ ಎಲ್ಲಿದ್ದಾರೆಂದು ಹುಡುಕಬೇಕಾಯಿತು. ಹಕ್ಕಿ ಕೂಗಿತು.

"ಮಾಡಿದ್ದುಣ್ಣೋ ಮಹಾರಾಯ ಅಂತ ಇದಕ್ಕೇ ಹೇಳೋದು ಕಣೇ" ಎಂದು ಚೂಡಾಮಣಿ ಅನನ್ಯಳ ಮುಂದೆ ನಕ್ಕರು. ನಗು ಅರ್ಧಕ್ಕೇ ನಿಂತಿತು. "ಈ ಊರಲ್ಲಿ ಸುಣ್ಣದ ದಿನ ಅಂದ್ರೆ ಒಂದೇ ದಿನ. ಸಂಜೆ ಆಗ್ತಿದ್ದ ಹಾಗೆ ಸಾಮಾನು ಒಳಗೆ ಬಂದ್ಬಿಡುತ್ತೆ." ಒಳಗೆ ಹೋಗಿ ಬಟ್ಟೆ ತಂದು ಬುದ್ಧನ ಕಿವಿ ಒರೆಸತೊಡಗಿದರು. ಅವರಿಗೆ ನಿಜಕ್ಕೂ ದುಃಖವಾಗಿತ್ತು.

ಓದುವ ಕೋಣೆಯ ಬಾಗಿಲಲ್ಲಿ ಸುಂದರೇಶ ನಿಂತಿದ್ದರು. ಅವರ ಕೈಯಲ್ಲಿ ಕರವಸ್ತ್ರವಿತ್ತು. ಮೇಜಿನ ಮೇಲಿನ ಕುದುರೆಯನ್ನು ಈಚೆಗೆ ಅವರೇ ಒರೆಸಿಕೊಳ್ಳುತ್ತಿದ್ದರು, ಅದರ ಕಾಲುಗಳ ನಡುವೆ ಬೆರಳು ತೂರಿಸುವುದು ಎಂಥ ರಗಳೆಯೆಂದು ಅವರಿಗೆ ಈಗ ಗೊತ್ತಿತ್ತು. ಒರೆಸಿ ಮುಗಿಸಿದ ಹೆಂಡತಿ ಬಟ್ಟೆಯನ್ನು ಮತ್ತೆ ಹೆಗಲಿಗೆ ಹಾಕಿಕೊಳ್ಳುವುದನ್ನು ಅವರು ನೋಡಿದರು.

ಮಾರನೆಯ ದಿನ ಸಿದ್ಧಾರ್ಥನಗರದ ವಿಜ್ಞಾನ ಬಳಗವೊಂದರಲ್ಲಿ ಅವರಿಗೆ ಸನ್ಮಾನವಿತ್ತು. ಅವತ್ತೇ ಅಲ್ಲಿ ಮಕ್ಕಳ ವಿಜ್ಞಾನ ಸ್ಪರ್ಧೆಯೂ ಇತ್ತು. ಊಟದ ನಂತರ ಚೂಡಾಮಣಿ ಒಳಗೆ ಸ್ವಲ್ಪ ಅಡ್ಡಾದರು. ಇನ್ನೊಂದು ಗಾಜಿನ ಆನೆ ಬರುತ್ತದೆ, ಅದಕ್ಕೆ ಕಿಟಕಿ ಪಕ್ಕ ಜಾಗ ಮಾಡಬೇಕು ಎಂದುಕೊಳ್ಳುತ್ತಲೇ ನಿದ್ದೆ ಹತ್ತಿತು. ಎದ್ದು ಹಾಲ್‌ಗೆ ಬಂದವರು ಹಾಗೇ ನಿಂತುಬಿಟ್ಟರು. ಗಡಿಯಾರವಿಲ್ಲ, ಗಣೇಶನಿಲ್ಲ, ಬುದ್ಧರಲ್ಲಿ ಒಬ್ಬರೂ ಇಲ್ಲ. ರಾಜ ರಾಣಿ ಇಬ್ಬರೇ ಕೂತಿದ್ದಾರೆ.

"ಅನನ್ಯಾ! ಕಳ್ಳ ಬಂದಿದ್ನೇನೇ?"

"ಕಳ್ಳ ಅಲ್ಲ ಅತ್ತೆ, ಮಾವ" ಎಂದಳು ಅನನ್ಯ. "ಅಭಿನವ ಕಾರಿಗೆ ತುಂಬಿಕೊಟ್ಟ. ಡಿಕ್ಕಿ ಮುಚ್ಚಕ್ಕಾಗ್ದೆ ಹಗ್ಗ ಕಟ್ಟಿದ್ವಿ. ಎರಡು ಕಟ್ಟು ವೀಳ್ಯದೆಲೆನೂ ತಗೊಂಡು ಹೋದ್ರು."

ಸಂಜೆ ಫೋನು ಬಂತು. ಅಣ್ಣನ ಸನ್ಮಾನ ನೋಡಲು ಹೋಗಿದ್ದ ನಾಗಮಣಿ ಅಲ್ಲಿಂದಲೇ ಕೂಗುತ್ತಿದ್ದಳು.

"ಅತ್ತಿಗೆ, ಅಣ್ಣ ಏನು ಮಾಡ್ದ ಗೊತ್ತಾ! ಗೆದ್ದ ಮಕ್ಕಳಿಗೆಲ್ಲ ತಾಂಬೂಲ ಸಮೇತ ಬಹುಮಾನ ಹಂಚಿಬಿಟ್ಟ! ನನ್ನ ಗಡಿಯಾರನೇ ಮೊದಲ ಬಹುಮಾನ. ಆ ಮಗೂಗೆ ಹಕ್ಕಿ ಕಂಡು ಎಷ್ಟು ಖುಷಿ ಅಂತೀರಾ!" ಅವಳಿಗೆ ಸಿಟ್ಟು ಬಂದಿದೆಯೋ ಹೆಮ್ಮೆಯೋ ಅವಳಿಗೇ ತಿಳಿಯದ ಹಾಗಿತ್ತು. "ಆಮೇಲೆ ಶಾಲು ಹೊದಿಸಿ ಸ್ಮರಣಿಕೆ ಕೊಡಕ್ಕೆ ಬಂದ್ರೆ, ಕೈ ಮುಗಿದು ಬೇಡ ಅಂದ್ಬಿಟ್ಟ. ಯಾಕೆ ಸಾರ್ ಅಂತ ಮೈಕಲ್ಲೇ ಕೇಳಿದ್ರು. ಅದಕ್ಕೆ, 'ನಮ್ಮನೇಲಿ ಇದನ್ನ ಒರೆಸ್ತಿದ್ದೋರು ಈ ವರ್ಷ ನಿವೃತ್ತರಾದ್ರು' ಅಂದ. ಹೆಂಗಸರ ಕಡೆಯಿಂದ ಏನು ಚಪ್ಪಾಳೆ! ಹೌದಾ ಅತ್ತಿಗೆ, ಖಾಲಿ ಮಾಡ್ಸಿದ್ದು ನೀವೇನಾ? ಅನನ್ಯ ಅಲ್ವಾ?"

ಚೂಡಾಮಣಿ ಫೋನನ್ನು ಸೊಸೆಯ ಕೈಗೆ ಕೊಟ್ಟರು.

ದೀಪ ಹಚ್ಚುವ ಹೊತ್ತಿಗೆ ಕಾರು ಬಂತು. ಸುಂದರೇಶ ಇಳಿದು ಬಂದು ಹೊಸಿಲ ಆಚೆಗೇ ನಿಂತರು. ಹೆಗಲ ಮೇಲೆ ಶಾಲೊಂದಿತ್ತು. ಊಟಕ್ಕೆ ಮುಂಚೆ ಮಕ್ಕಳು ಕೈ ತೊಳೆದದ್ದನ್ನು ತೋರಿಸುತ್ತಾರಲ್ಲ, ಹಾಗೆ ಎರಡೂ ಅಂಗೈಗಳನ್ನು ಮುಂದೆ ಚಾಚಿದರು.

"ಇಷ್ಟು ವರ್ಷದಲ್ಲಿ ಮೊದಲ ಸಲ ಬರಿಗೈಲಿ ಬಂದಿದೀನಿ ಕಣೇ. ಒಳಗೆ ಬರ್ಲಾ?"

ಚೂಡಾಮಣಿ ಹತ್ತಿರ ಹೋಗಿ ಆ ಕೈಗಳನ್ನು ಹಿಡಿದು, ತಿರುಗಿಸಿ, ಹಿಂದೂ ಮುಂದೂ ನೋಡಿದರು. ಕಣ್ಣು ತುಂಬಿತ್ತು. ಹೆಗಲ ಮೇಲಿನ ಬಟ್ಟೆಯಿಂದಲೇ ಒರೆಸಿಕೊಂಡು, ಅದನ್ನು ಮಡಿಸಿ ಗಂಡನ ಅಂಗೈಯಲ್ಲಿಟ್ಟರು.

"ಕುದುರೆಗೆ ಇಟ್ಕೊಳ್ಳಿ. ಬನ್ನಿ ಒಳಗೆ."

ಸುಂದರೇಶ ಚಪ್ಪಲಿ ಬಿಟ್ಟು ಹಾಲ್‌ನ ನಡುವೆ ಬಂದು, ನಾಲ್ಕೂ ಗೋಡೆಗಳನ್ನು ನಿಧಾನವಾಗಿ ನೋಡಿದರು. ಆಮೇಲೆ, ಸೊಸೆ ಮಗ ಇಬ್ಬರೂ ನೋಡುತ್ತಿದ್ದಾರೆಂಬುದನ್ನೂ ಲೆಕ್ಕಿಸದೆ, ಬಾಯಿಗೆ ಕೈ ಅಡ್ಡ ಹಿಡಿದು ಗಟ್ಟಿಯಾಗಿ "ಕೂ" ಎಂದರು.